ಅರವತ್ತೆರಡು ಸಲ ‘ಏನೂ ಇಲ್ಲ’ ಎಂದು ಬರೆದವನಿಂದ ಅಣೆಕಟ್ಟಿಗೆ

ಮಾನ್ಯ ಅಣೆಕಟ್ಟಿನವರೇ,

ಹೊಳೆಯ ಎರಡೂ ದಡಗಳನ್ನು ಭುಜ ಕೊಟ್ಟು ಒತ್ತಿ ಹಿಡಿದು, ಹನ್ನೊಂದು ವರ್ಷಗಳಿಂದ ಒಂದು ದಿನವೂ ರಜೆ ಹಾಕದೆ ನಿಂತಿರುವ ತಮಗೆ ಸಾಷ್ಟಾಂಗ ನಮಸ್ಕಾರಗಳು. ತಾವು ಕ್ಷೇಮವೆಂದು ತಮ್ಮ ಗೇಟಿನ ಕಾವಲುಗಾರನಿಂದ ತಿಳಿಯಿತು. ನಾವೂ ಕ್ಷೇಮ; ತಮ್ಮಲ್ಲಿ ಹುಟ್ಟಿದ ಕರೆಂಟು ನಮ್ಮ ತಗಡಿನ ಸೂರುಗಳ ಮೇಲೆಯೇ ಹಾದು ದೂರದ ಪಟ್ಟಣಗಳಿಗೆ ಹೋಗುತ್ತದೆ, ನಾವು ಕೆಳಗೆ ಚಿಮಣಿ ಹಚ್ಚಿಕೊಂಡು ತಂತಿಯ ಗುಂಯ್‌ಗುಟ್ಟುವಿಕೆ ಕೇಳುತ್ತ ಉಣ್ಣುತ್ತೇವೆ.

ಈ ದೂರು ತಮ್ಮ ಮೇಲೆ ಸ್ವಲ್ಪ, ನನ್ನ ಮೇಲೆ ಬಹಳ. ಈಗ ತಮ್ಮ ನೀರಿನಡಿ ಇರುವ ಅರವತ್ತೆರಡು ಮನೆಗಳಲ್ಲಿ, ತಲೆತಲಾಂತರದಿಂದ ಹೊಳೆಯನ್ನೇ ನಂಬಿ ಬದುಕಿದ ನಮ್ಮ ಜನರಲ್ಲಿ, ಕಚೇರಿಯ ಭಾಷೆ ಓದಿ ಬರೆಯಬಲ್ಲವನು ನಾನೊಬ್ಬನೇ ಆಗಿದ್ದೆ. ಸರ್ವೆ ಸಾಹೇಬರು ಬಂದವರೇ ನನ್ನನ್ನು ದುಭಾಷಿ ಮಾಡಿ, ತಲೆಗೊಂದು ಹಳದಿ ಹೆಲ್ಮೆಟ್ ಇಟ್ಟರು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನಾನು ಮಲಗುವಾಗಲೂ ಅದನ್ನು ತೆಗೆಯಲಿಲ್ಲ.

ನಮ್ಮಲ್ಲೊಂದು ಪದ್ಧತಿಯಿದೆ. ಮನೆಗೆ ಬಂದವರೆದುರು ತನಗಿರುವುದನ್ನು ಹೇಳಿಕೊಳ್ಳಬಾರದು. ಹೇಳಿಕೊಂಡರೆ ಜಂಬವೆಂದು ಅರ್ಥ. ಬಲೆ ಹರಿಯುವಷ್ಟು ಮೀನು ಬಿದ್ದ ದಿನವೂ ‘ಏನಿಲ್ಲ, ನಾಲ್ಕು ಮರಿ’ ಎನ್ನುವುದೇ ಮರ್ಯಾದೆ. ಸಾಹೇಬರು ಪ್ರತಿ ಮನೆಯಲ್ಲೂ ‘ನಿಮ್ಮದು ಏನೇನಿದೆ?’ ಎಂದು ಕೇಳಿದರು. ನನ್ನನ್ನು ಸಾಕಿ ಬೆಳೆಸಿದ ದೊಡ್ಡಮ್ಮ, ಬೆನ್ನ ಹಿಂದೆ ಮೀನು ಒಣಹಾಕಿದ ಮೂರು ಅಟ್ಟಣೆ, ತಲೆಯ ಮೇಲೆ ಹಣ್ಣು ಬಿಟ್ಟ ಹದಿನಾಲ್ಕು ಮರಗಳ ನೆರಳು ಇಟ್ಟುಕೊಂಡು, “ನಮ್ದೇನಿದೆ ಸ್ವಾಮಿ, ಏನೂ ಇಲ್ಲ, ಬನ್ನಿ ಕೂತ್ಕೊಳ್ಳಿ” ಎಂದಳು. ಅರವತ್ತೆರಡು ಮನೆಗಳವರೂ ಹಾಗೇ ಎಂದರು. ನಾನು ಅರವತ್ತೆರಡು ಫಾರಂಗಳಲ್ಲಿ ‘ಏನೂ ಇಲ್ಲ’ ಎಂದು ದುಂಡಗೆ ಬರೆದೆ. ‘ಬನ್ನಿ ಕೂತ್ಕೊಳ್ಳಿ’ ಎಂಬುದಕ್ಕೆ ಫಾರಮಿನಲ್ಲಿ ಜಾಗವಿರಲಿಲ್ಲ. ಸಾಹೇಬರು ನನ್ನ ಕೈಬರಹವನ್ನು ಹೊಗಳಿದರು, ನಾನು ಅದನ್ನು ಮನೆಮನೆಗೂ ಹೇಳಿಕೊಂಡು ಬಂದೆ.

ಹೀಗಾಗಿ, ತಾವು ಮುಳುಗಿಸಿದ್ದು ಏನನ್ನೂ ಅಲ್ಲ. ಏನೂ ಇಲ್ಲದವರಿಗೆ ಹೊಳೆದಂಡೆಯ ಜಾಗ ಯಾಕೆ ಎಂದು ಬೋಳುಗುಡ್ಡದ ಮೇಲೆ ಒಂದೊಂದು ಕೋಣೆ ಕೊಟ್ಟಿದ್ದಾರೆ. ಅಲ್ಲಿ ದೊಡ್ಡಮ್ಮ ಹರಿಯದ ಬಲೆಯನ್ನು ಬಿಚ್ಚಿ ಬಿಚ್ಚಿ ಹೆಣೆಯುತ್ತಾಳೆ. ಹೋದ ತಿಂಗಳು ಫಾರಂ ತಿದ್ದಿಸಲು ಅವಳನ್ನು ಕಚೇರಿಗೆ ಕರೆದುಕೊಂಡು ಹೋದೆ. ಅಲ್ಲಿನ ಗುಮಾಸ್ತರು ಬಹಳ ಒಳ್ಳೆಯವರು. “ತಿದ್ದೋಣ, ಅದಕ್ಕೇನಂತೆ? ಜಾಗ ತೋರ್ಸಿ, ಬಂದು ನೋಡ್ತೀವಿ” ಎಂದರು. ದೊಡ್ಡಮ್ಮ ಕಿಟಕಿಯಾಚೆಯ ನೀರಿನತ್ತ ಕೈ ತೋರಿಸಿದಳು. ನೀರನ್ನು ಸ್ಥಳವೆಂದು ಒಪ್ಪಲು ನಿಯಮದಲ್ಲಿ ಅವಕಾಶವಿಲ್ಲವಂತೆ.

ಆದ್ದರಿಂದ ತಮ್ಮಲ್ಲಿ ನನ್ನದೊಂದು ಸಣ್ಣ ಬಿನ್ನಹ. ಬರುವ ಮಂಗಳವಾರ ಹನ್ನೊಂದರಿಂದ ಗುಮಾಸ್ತರ ಊಟದ ಹೊತ್ತಿನವರೆಗೆ, ತಾವು ದಯಮಾಡಿ ನೀರನ್ನು ಸ್ವಲ್ಪ ಪಕ್ಕಕ್ಕೆ ಸರಿಸಿಕೊಳ್ಳಬೇಕು. ಕೆಸರಾದರೆ ಅವರ ಬೂಟುಗಳನ್ನು ನಾನೇ ತೊಳೆದುಕೊಡುತ್ತೇನೆ. ದೊಡ್ಡಮ್ಮ ಮುಂದೆ ನಡೆದು ಅಟ್ಟಣೆ, ಮರ, ಅವಳ ತಂಗಿಯನ್ನು, ಅಂದರೆ ನನ್ನ ತಾಯಿಯನ್ನು, ಮಣ್ಣು ಮಾಡಿದ ಜಾಗ ಎಲ್ಲವನ್ನೂ ತೋರಿಸುತ್ತಾಳೆ. ಇಷ್ಟು ವರ್ಷಗಳಲ್ಲಿ ಅವಳು ನನ್ನನ್ನು ಒಂದು ಸಲವೂ ಬೈದಿಲ್ಲ. ಬೈದಿದ್ದರೆ ತಮಗೆ ಈ ಪತ್ರ ಬರೆಯುವಷ್ಟು ನಾಚಿಕೆ ನನ್ನಲ್ಲಿ ಉಳಿಯುತ್ತಿರಲಿಲ್ಲ.

ತಮ್ಮ ಎತ್ತರಕ್ಕೆ ತಲೆಬಾಗಿ,

ತಮ್ಮ ವಿಶ್ವಾಸಿ,
ದುಂಡಕ್ಷರದ ದುಭಾಷಿ

ತಾ.ಕ.: ಹೊಳೆಯ ಮೇಲ್ಭಾಗದಲ್ಲಿ ತಮಗೊಬ್ಬ ತಮ್ಮ ಹುಟ್ಟಲಿದ್ದಾನೆಂದು ತಿಳಿದು ಸಂತೋಷವಾಯಿತು. ಕೈಬರಹ ಚೆನ್ನಾಗಿದೆಯೆಂದು ಅಲ್ಲಿನ ಸರ್ವೆಗೂ ನನ್ನನ್ನೇ ಕರೆದಿದ್ದಾರೆ, ಒಪ್ಪಿದ್ದೇನೆ. ದೊಡ್ಡಮ್ಮನೂ ಜೊತೆಗೆ ಬಂದಿದ್ದಾಳೆ. ಮನೆಯವರು ಜಗಲಿಯಲ್ಲಿ ನಿಂತು ‘ಏನೂ ಇಲ್ಲ’ ಎನ್ನುವಾಗ ಅವಳು ಸೀದಾ ಹಿತ್ತಲಿಗೆ ನಡೆದು, ಕಂಡಿದ್ದನ್ನೆಲ್ಲ ಕೂಗಿ ಹೇಳುತ್ತಾಳೆ, ನಾನು ಬರೆದುಕೊಳ್ಳುತ್ತೇನೆ. ನಿನ್ನೆ ಮೊದಲನೆಯ ಮನೆಗೇ ಫಾರಂಗಳ ಕಟ್ಟು ಮುಗಿಯಿತು. ಇನ್ನೂ ಐವತ್ತು ಮನೆಗಳಿವೆ, ಕಾಗದ ಕಳಿಸಲು ಕಚೇರಿಗೆ ತಿಳಿಸುವುದು.