ಹಿಂದಿನಿಂದ ಓದಿದ ವರದಿ

ಹೆಸರಿನ ಆಸೆ ತಮಗಿಲ್ಲ ಎನ್ನುವವರನ್ನು ನಾನು ನಂಬುವುದಿಲ್ಲ. ಮದುವೆಯ ಕರೆಯೋಲೆ ಕೈಗೆ ಬಂದರೆ ಮೊದಲು ನಮ್ಮ ಹೆಸರು ಎಲ್ಲಿದೆ ಎಂದು ನೋಡುವ ಜನ ನಾವು. ನಾನಿದ್ದದ್ದು ಹೈದರಾಬಾದಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ. ಬಡ್ತಿಯ ಅರ್ಜಿಯಲ್ಲಿ ಆ ವರ್ಷ ಹೊಸ ಪ್ರಶ್ನೆಯೊಂದನ್ನು ಸೇರಿಸಿದ್ದರು: ನಿಮ್ಮ ಸಂಶೋಧನೆಯನ್ನು ಸರ್ಕಾರದ ಯಾವ ನೀತಿಯಲ್ಲಿ ಉಲ್ಲೇಖಿಸಿದ್ದಾರೆ, ಯಾವ ಪುಟದಲ್ಲಿ? ಎರಡು ಸಲ ಬಡ್ತಿ ಕೈತಪ್ಪಿದವನು ನಾನು. ಈ ಸಲ ಪುಟಸಂಖ್ಯೆ ಬರೆದೇ ತೀರುತ್ತೇನೆ ಎಂದು ಹಟ ತೊಟ್ಟೆ.

ಊರಿನಲ್ಲಿ ಗಾಜಿನ ಕಟ್ಟಡಗಳು ಏಳತೊಡಗಿ, ಕಂಪ್ಯೂಟರ್ ಕಲಿತವರೆಲ್ಲ ಸಿಟಿ ಬಸ್ಸುಗಳಲ್ಲಿ ಜೋತಾಡುತ್ತಿದ್ದ ಕಾಲದಲ್ಲಿ, ಬಸ್ಸು ಯಾಕೆ ತಡವಾಗುತ್ತದೆ ಎಂಬುದರ ಮೇಲೆ ನಾನು ಪ್ರಬಂಧ ಬರೆದಿದ್ದೆ. ಆಗ ಸನತ್‌ನಗರದಲ್ಲಿ ಬಾಡಿಗೆಗಿದ್ದೆ. ಗಡಿಯಾರ ನೋಡುತ್ತ ತಿಂಗಳುಗಟ್ಟಲೆ ಬಸ್ಸಿನಲ್ಲೇ ಕೂತೆ. ಕಂಡಕ್ಟರನೊಬ್ಬ ನನ್ನನ್ನು ಚೆಕಿಂಗ್ ಅಧಿಕಾರಿ ಎಂದುಕೊಂಡು ಸೀಟು ಬಿಡಿಸಿಕೊಟ್ಟ. ಆ ಸಂಶೋಧನೆಗೆ ಅದುವರೆಗೆ ಸಿಕ್ಕ ಮನ್ನಣೆ ಅಷ್ಟೇ. ಪ್ರಬಂಧದ ಕೊನೆಗೆ ನಾಲ್ಕಾರು ಸಲಹೆಗಳಿರಬೇಕು ಎಂಬ ಪದ್ಧತಿಯಿತ್ತು, ಬರೆದಿದ್ದೆ. ಅವೇನೆಂದು ನನಗೇ ನೆನಪಿರಲಿಲ್ಲ.

ಸಾರಿಗೆ ವರದಿಗಳನ್ನು ಕಂಪ್ಯೂಟರಿಗೆ ಹಾಕಿದ್ದರು ನಿಜ, ಆದರೆ ಪುಟಗಳ ಫೋಟೊ ಹೊಡೆದು ಹಾಕಿದ್ದರು. ಹೆಸರು ಕೊಟ್ಟರೆ ಅದು ಹುಡುಕಿಕೊಡುತ್ತಿರಲಿಲ್ಲ. ಹಾಗಾಗಿ ಗ್ರಂಥಾಲಯದಲ್ಲಿ ಧೂಳು ಕೊಡವಿ ಒಂದೊಂದೇ ಸಂಪುಟ ತೆರೆದೆ. ಉಲ್ಲೇಖಗಳ ಪಟ್ಟಿ ಕೊನೆಗಿರುವುದರಿಂದ ಹಿಂದಿನಿಂದ ಓದತೊಡಗಿದೆ. ನಮಗೆ ಕೊನೆಯ ಪುಟವಾದದ್ದೇ ಮೊದಲ ಪುಟವಾಗಿರುವ ಉರ್ದು ಪತ್ರಿಕೆ ಓದುವ ಊರು, ಯಾರೂ ವಿಚಿತ್ರವಾಗಿ ನೋಡಲಿಲ್ಲ. ಗ್ರಂಥಪಾಲಕರಾದ ಬೀದರಿನ ರಫೀಕ್ ಸಾಹೇಬರು ಮಾತ್ರ ಮೂರನೆಯ ವಾರ ಕೇಳಿದರು: "ಹೆಸರು ಹುಡುಕಾಕತ್ತೀರೋ ಸಾಹೇಬ್ರ, ಕಳ್ಳನ್ನ ಹುಡುಕಾಕತ್ತೀರೋ?"

ಮನೆಯಲ್ಲಿ ಹುಡುಕಾಟವೇ ಬೇರೆ. ಕೂಕಟ್‌ಪಲ್ಲಿಯಲ್ಲಿ ನಾವು ಫ್ಲ್ಯಾಟ್ ಕೊಂಡದ್ದೇ ಗೇಟಿನೆದುರು ಬಸ್ ಸ್ಟಾಪ್ ಇದೆ ಎಂದು. ಗೃಹಪ್ರವೇಶವಾಗಿ ಮೂರೇ ತಿಂಗಳಿಗೆ ಅದನ್ನು ಕಿತ್ತರು. ರಸ್ತೆ ಅಗಲ ಮಾಡುತ್ತಾರಂತೆ ಎಂದು ಎಲ್ಲರೂ ಹೇಳಿದರು. ಸುಲ್ತಾನ್ ಬಜಾರಿನಿಂದ ಚೀಲ ತುಂಬಿಕೊಂಡು, ಮುಂದಿನ ಸ್ಟಾಪಿನಲ್ಲಿ ಇಳಿದು ನಡೆದು ಬರುವ ನನ್ನ ಹೆಂಡತಿ ಸುಮಿತ್ರಾ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಹೇಳುತ್ತಿದ್ದಳು: "ಸ್ಟಾಪ್ ತೆಗಿಸಿದ ಪುಣ್ಯಾತ್ಮ ಒಮ್ಮೆ ನನ್ನ ಕೈಗೆ ಸಿಗಬೇಕ್ರಿ. ಈ ಚೀಲ ಅವನ ಹೆಗಲಿಗೆ ಹಾಕಿ ನಡಸ್ತೀನಿ."

"ಭಾಳ ದಡ್ಡ ಇರಬೇಕು ಬಿಡು," ಎಂದು ನಾನೂ ದನಿಗೂಡಿಸುತ್ತಿದ್ದೆ.

ನಾಲ್ಕನೆಯ ವಾರ ಸಿಕ್ಕಿತು! ಸಾರಿಗೆ ನೀತಿಯ ಕೊನೆಯ ಪಟ್ಟಿಯಲ್ಲಿ ನನ್ನ ಪೂರ್ತಿ ಹೆಸರು. ಕಣ್ಣು ತುಂಬಿ ಬಂತು, ಸುಳ್ಳೇಕೆ ಹೇಳಲಿ. ರಫೀಕ್ ಸಾಹೇಬರು ಚಹಾ ತರಿಸಿದರು. ಇನ್ನು ಪುಟಸಂಖ್ಯೆಯೊಂದು ಬೇಕಿತ್ತು. ಹಿಂದಕ್ಕೆ ಹಿಂದಕ್ಕೆ ಹಾಳೆ ತಿರುವುತ್ತ ಬಂದೆ. ಸ್ಟಾಪುಗಳು ಹತ್ತಿರ ಹತ್ತಿರ ಇರುವುದೇ ತಡಕ್ಕೆ ಕಾರಣ, ಕೆಲವನ್ನು ತೆಗೆಯಬೇಕು ಎಂಬ ನನ್ನ ಸಲಹೆಯನ್ನು ಸರ್ಕಾರ ಗೌರವದಿಂದ ಒಪ್ಪಿಕೊಂಡಿತ್ತು. ತೆಗೆಯಬೇಕಾದವುಗಳಲ್ಲಿ ಮೊದಲನೆಯದು ನಮ್ಮ ಗೇಟಿನೆದುರಿನದು.

ಪುಟಸಂಖ್ಯೆ ಬರೆದೆ. ಬಡ್ತಿಯೂ ಬಂತು. ಸುಮಿತ್ರಾ ಶಿರಾ ಮಾಡಿದಳು. "ನಿಮ್ಮ ಹೆಸರು ಇರೂ ಪುಸ್ತಕ ತರ್ರಿ, ದೇವರ ಮುಂದ ಇಡೂಣು," ಎಂದಳು.

"ಲೈಬ್ರರಿ ಪುಸ್ತಕ, ಹೊರಗ ಕೊಡೂದಿಲ್ಲ," ಎಂದೆ.

ಅಂದಿನಿಂದ ಬಜಾರಿನ ಚೀಲ ನಾನೇ ಹೊರುತ್ತೇನೆ. "ದೊಡ್ಡ ಸಾಹೇಬ್ರಾದ್ರೂ ಒಂಚೂರು ಸೊಕ್ಕಿಲ್ಲ ನೋಡ್ರಿ ನಮ್ಮನಿಯವರಿಗೆ," ಎಂದು ಅವಳು ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಾಳೆ. ನಾನು ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡು ಬೇಗ ಬೇಗ ನಡೆಯುತ್ತೇನೆ.