ಹಚ್ಚಿದ್ದು ಗೊತ್ತಾಗಬಾರದು

ಚೆನ್ನಾಗಿ ಕಾಣಬೇಕೆಂಬ ಆಸೆ ಜನರಿಗೆ ಇರುವಷ್ಟು ಕಾಲ ನಮ್ಮ ಅಂಗಡಿಯಲ್ಲಿ ಒಂದಲ್ಲ ಒಂದು ಫಜೀತಿ ಆಗುತ್ತಲೇ ಇರುತ್ತದೆ. ಮದುವೆ ನಮ್ಮ ಮನೆಯದೇ ಆದರಂತೂ ಕೇಳುವುದೇ ಬೇಡ. ಅಕ್ಕನ ಮಗಳ ಮದುವೆಯಲ್ಲಿ ಆದದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ.

ಎಲ್ಲಿ, ಶುರು ಮಾಡು

ಪೀಳಮೇಡಿನಲ್ಲಿ ನಾನೂ ನನ್ನ ಹೆಂಡತಿಯೂ ಬ್ಯೂಟಿ ಪಾರ್ಲರ್ ನಡೆಸುತ್ತೇವೆ. ಪರದೆಯ ಆಚೆಗೆ ಅವಳ ರಾಜ್ಯ: ವ್ಯಾಕ್ಸಿಂಗ್, ಥ್ರೆಡಿಂಗ್. ಅಲ್ಲಿಗೆ ಗಂಡಸರಿಗೆ ಪ್ರವೇಶವಿಲ್ಲ, ನನಗೂ ಇಲ್ಲ. ಪರದೆಯ ಈಚೆಗೆ ಕನ್ನಡಿ, ದೀಪ, ಮೇಕಪ್ಪು ನನ್ನದು. ಇದಕ್ಕೆ ಮೊದಲು ನಾನು ತಿರುಪ್ಪೂರಿನ ಒಂದು ಬನಿಯನ್ ಕಂಪೆನಿಯಲ್ಲಿ ಬಟ್ಟೆಯ ಬಣ್ಣ ಪರೀಕ್ಷಿಸುತ್ತಿದ್ದೆ. ತೋಳಿನ ಬಣ್ಣ ಮೈಯ ಬಣ್ಣಕ್ಕೆ ಒಂದಿಷ್ಟು ಹೊಂದದಿದ್ದರೂ ಮಾಲು ವಾಪಸ್. ಸ್ಕೂಲಿನಲ್ಲಿ ಇಂಗ್ಲಿಷ್ ಮೀಡಿಯಮ್ಮಿನ ಸಿಸ್ಟರುಗಳು ಗೆರೆ ಸೊಟ್ಟಗಾದರೆ ಇಡೀ ಪುಟ ಮತ್ತೆ ಬರೆಸುತ್ತಿದ್ದರು. ಆ ಬುದ್ಧಿ ಇನ್ನೂ ಬಿಟ್ಟಿಲ್ಲ. ಮುಖ ಒಂದು ಬಣ್ಣ, ಕುತ್ತಿಗೆ ಒಂದು ಬಣ್ಣ ಇರುವ ಮದುಮಗಳನ್ನು ನೋಡಿದರೆ ನನಗೆ ಆ ಮದುವೆಯ ಊಟ ಗಂಟಲಲ್ಲಿ ಇಳಿಯುವುದಿಲ್ಲ.

ಮದುವೆ ನಿಶ್ಚಯವಾದ ವಾರವೇ ಅಕ್ಕ ಮಗಳನ್ನು ಕರೆದುಕೊಂಡು ಮಡತ್ತುಕುಳದಿಂದ ಬಂದಳು. ಹುಡುಗಿ ಕುರ್ಚಿಯಲ್ಲಿ ಕೂರುವ ಮೊದಲೇ ಹೇಳಿದಳು: "ಮಾಮಾ, ನನ್ನ ಮದುವೆ ಫೋಟೋದಲ್ಲಿ ನಾನೇ ಇರಬೇಕು. ಪಕ್ಕದ ಮನೆ ಅಕ್ಕನ ಫೋಟೋ ನೋಡಿದೀರಲ್ಲ? ಅವರ ಮಗುವೇ ಅದನ್ನ ನೋಡಿ, ಅಪ್ಪನ ಪಕ್ಕ ನಿಂತಿರೋ ಆಂಟಿ ಯಾರು ಅಂತ ಕೇಳುತ್ತೆ."

ನನಗೆ ಕುಣಿದಾಡುವಷ್ಟು ಖುಷಿ! ಇಷ್ಟು ವರ್ಷದಲ್ಲಿ ತನ್ನ ಮುಖವೇ ಬೇಕು ಎಂದು ಬಾಯಿಬಿಟ್ಟು ಕೇಳಿದ ಮೊದಲ ಮದುಮಗಳು ಇವಳು, ಅದೂ ನಮ್ಮ ಮನೆಯವಳು.

ಅಕ್ಕ ಮಾತ್ರ ಕರಗಲಿಲ್ಲ. "ನೋಡು ತಂಬಿ, ನೀನು ಏನಾದ್ರೂ ಮಾಡು. ಮುಹೂರ್ತಕ್ಕೆ ಮುಂಚೆ ಅವ್ವ ನೋಡಿ ಚೆನ್ನಾಗಿದೆ ಅನ್ನಬೇಕು. ಇಲ್ಲಾಂದ್ರೆ ನಮ್ಮೂರ ಪಾರ್ಲರಮ್ಮನ್ನ ಮಂಡಪದಲ್ಲೇ ಕೂರಿಸಿರ್ತೀನಿ. ಅವಳು ಬಂದು ಬೆಳ್ಳಗೆ ಬಳೀತಾಳೆ."

ಅವ್ವ ಎಂದರೆ ನಮ್ಮ ತಾಯಿ, ಹುಡುಗಿಗೆ ಅಜ್ಜಿ. ಇರುವುದು ಅಕ್ಕನ ಮನೆಯಲ್ಲೇ, ಮೊಮ್ಮಗಳನ್ನು ಮುದ್ದಿನಿಂದ ಕರೆಯುವುದು ಅಮ್ಮಿಣಿ ಎಂದು. ಬೆಳ್ಳಗಿರುವುದೆಲ್ಲ ಚೆನ್ನಾಗಿರುವುದು ಎಂದು ನಂಬಿದವರು.

ಸರಿ, ಅಂದೇ ಟ್ರಯಲ್ ಮಾಡಿದೆ. ಟ್ಯೂಬ್‌ಲೈಟಿನ ಕೆಳಗಲ್ಲ, ಕಿಟಕಿಯ ಬೆಳಕಿನಲ್ಲಿ. ಫೌಂಡೇಶನ್ನನ್ನು ಕೈ ಮೇಲೆ ಹಚ್ಚಿ ನೋಡುವವರನ್ನು ಕಂಡರೆ ನನಗೆ ಸಿಟ್ಟು. ಮೇಕಪ್ಪು ಹಾಕುವುದು ಮುಖಕ್ಕೋ ಕೈಗೋ? ದವಡೆಯ ಅಂಚಿನಲ್ಲಿ ಎರಡು ಮೂರು ಬಣ್ಣದ ಗೀರು ಎಳೆಯಬೇಕು. ಯಾವುದು ಕಣ್ಣಿಗೆ ಕಾಣದೆ ಮಾಯವಾಗುತ್ತದೋ ಅದೇ ನಿಮ್ಮ ಬಣ್ಣ. ಒದ್ದೆ ಸ್ಪಂಜಿನಿಂದ ತೆಳ್ಳಗೆ, ಬೇಕಾದಲ್ಲಿ ಮಾತ್ರ ಹಚ್ಚಿ, ಕುತ್ತಿಗೆಯವರೆಗೂ ಇಳಿಸಿದೆ. ತುಟಿಗೆ ಅವಳದೇ ತುಟಿಗಿಂತ ಒಂದು ಚೂರು ಗಾಢವಾದ ಬಣ್ಣ. ಮುಗಿಸಿ ಎರಡು ಹೆಜ್ಜೆ ಹಿಂದೆ ನಿಂತು ನೋಡಿದೆ. ಆಹಾ!

ಅಕ್ಕ ಅಷ್ಟು ಹೊತ್ತು ಮಗಳ ಮುಖವನ್ನೇ ನೋಡುತ್ತಿದ್ದವಳು ಸೀರೆಯ ಸೆರಗು ಸಿಕ್ಕಿಸಿಕೊಂಡಳು. "ಸರಿ, ಒರೆಸಿದ್ದು ಸಾಕು. ಬಸ್ಸಿಗೆ ಹೊತ್ತಾಗುತ್ತೆ. ಎಲ್ಲಿ, ಶುರು ಮಾಡು."

ಭಾವನ ವಾಚು

ಅಕ್ಕನಿಗೂ ಒಂದು ಗುಟ್ಟಿನ ಆಸೆಯಿತ್ತು. ಮುಂಗೈ ಕೂದಲು ತೆಗೆಯಬೇಕು, ಆದರೆ ವ್ಯಾಕ್ಸ್ ಎಂದರೆ ಹೆದರಿಕೆ. ನನ್ನ ಹೆಂಡತಿ ಕೂದಲು ತೆಗೆಯುವ ಒಂದು ಕ್ರೀಮ್ ಕೊಟ್ಟು, ನಮ್ಮ ಅಂಗಡಿಯ ಮುಖ್ಯ ನಿಯಮವನ್ನು ಹೇಳಿದಳು: "ಅತ್ತಿಗೆ, ಸೀದಾ ಹಚ್ಚಿಬಿಡಬೇಡಿ. ಮೊದಲು ರೂಪಾಯಿ ಅಗಲ ಒಂದೇ ಕಡೆ ಹಚ್ಚಿ, ತೊಳೆದು, ಒಂದು ದಿನ ಕಾಯಿರಿ. ಕೆಂಪಾಗಲಿಲ್ಲ, ತುರಿಸಲಿಲ್ಲ ಅಂದ್ರೆ ಆಮೇಲೆ ಉಳಿದದ್ದು."

ಅಕ್ಕ ನಿಯಮ ಪಾಲಿಸಿದಳು. ಆದರೆ ರೂಪಾಯಿ ಅಗಲದ ಆ ಜಾಗ ಯಾರ ಕೈಯಲ್ಲಿರಬೇಕು ಎಂದು ಯಾರೂ ಹೇಳಿರಲಿಲ್ಲವಲ್ಲ! ಭಾವ ಮಧ್ಯಾಹ್ನ ಉಂಡು ಮಲಗಿದ್ದರು. ಅವರ ಕೈಯೋ, ಕರಡಿಯ ಕೈ. ಎದ್ದು ನೋಡಿದರೆ ಅದರ ನಡುವೆ ಗುಂಡಗೆ, ನುಣ್ಣಗೆ, ಹೊಸದಾಗಿ ಹಸನು ಮಾಡಿದ ಗದ್ದೆಯ ಹಾಗೆ ಒಂದು ಬೋಳು.

"ಏನೇ ಇದು?"

"ತುರಿಸುತ್ತಾ?"

"ಇಲ್ಲ."

"ಉರಿಯುತ್ತಾ?"

"ಇಲ್ಲ ಕಣೇ, ಏನಿದು ಅಂತ ಕೇಳ್ದೆ!"

"ಹಾಗಾದ್ರೆ ಒಳ್ಳೇ ಕ್ರೀಮೇ."

ನಾನು ಫೋನಿನಲ್ಲಿ ಗದರಿದೆ. ಒಬ್ಬರ ಚರ್ಮಕ್ಕೆ ಒಗ್ಗಿದ್ದು ಇನ್ನೊಬ್ಬರಿಗೆ ಒಗ್ಗಬೇಕೆಂದಿಲ್ಲ, ಯಾರಿಗೆ ಹಚ್ಚಬೇಕೋ ಅವರ ಮೈಮೇಲೇ ಪರೀಕ್ಷೆ ಆಗಬೇಕು ಎಂದೆ. ಅಕ್ಕ ಮರುದಿನ ತನ್ನ ಕೈ ಮೇಲೂ ಮಾಡಿದಳು. ಆದರೆ ಭಾವನಿಗೆ ಆದದ್ದು ಆಗಿಹೋಗಿತ್ತು. ಹುಟ್ಟಿದಾಗಿನಿಂದ ವಾಚು ಕಟ್ಟದ ಮನುಷ್ಯ ಆ ತಿಂಗಳು ಪೂರ್ತಿ ವಾಚು ಕಟ್ಟಿಕೊಂಡೇ ಓಡಾಡಿದರು. ಮೊಣಕೈಯ ಹತ್ತಿರ.

ಬಾಯಿ ತೆರೆಯದ ಮಾತುಕತೆ

ಹುಡುಗನ ಕಡೆಯವರು ತೊಂಡಾಮುತ್ತೂರಿನವರು, ಬಾಳೆ ತೋಟದವರು. ಮದುವೆ ಅವರೂರಲ್ಲೋ ಅಕ್ಕನ ಊರಲ್ಲೋ ಎಂಬುದು ಇನ್ನೂ ತೀರ್ಮಾನವಾಗಿರಲಿಲ್ಲ. ಹುಡುಗನ ತಾಯಿ, ತಮ್ಮೂರಲ್ಲೇ ಆಗಬೇಕು ಎಂದು ಹಟ ಹಿಡಿದು, ಅದನ್ನು ಹೇಳಲೆಂದೇ ಮಡತ್ತುಕುಳಕ್ಕೆ ಬಂದರು.

ಅದೇ ದಿನ ನಮ್ಮ ಹುಡುಗಿ ಮನೆಯಲ್ಲಿ ಸಕ್ಕರೆ ವ್ಯಾಕ್ಸ್ ಕಾಯಿಸಿದ್ದಳು. ಸಕ್ಕರೆ, ನಿಂಬೆರಸ, ಸ್ವಲ್ಪ ನೀರು, ಸಣ್ಣ ಉರಿ, ಜೇನಿನ ಬಣ್ಣ ಬರುವವರೆಗೆ. ಒಳ್ಳೆಯ ವಿಧಾನವೇ. ಮೈಗೆ ಅಂಟಿದರೆ ಬೆಚ್ಚಗಿನ ನೀರಿನಲ್ಲಿ ತೊಳೆದರೆ ಹೋಗುತ್ತದೆ. ಪೂರ್ತಿ ಆರದೆ ಮಾತ್ರ ಮುಟ್ಟಬಾರದು, ಕೈ ಸುಟ್ಟುಹೋಗುತ್ತದೆ. ಆರಲಿ ಎಂದು ಬಾಣಲೆಯನ್ನು ಒಲೆಯ ಪಕ್ಕ ಇಟ್ಟು ಅವಳು ಸ್ನಾನಕ್ಕೆ ಹೋದಳು.

ಅಡಿಗೆಮನೆಗೆ ಅವ್ವ ಬಂದರು. ಬಾಣಲೆಯಲ್ಲಿ ಹದವಾದ ಪಾಕ, ಹೊರಗೆ ಬೀಗರು. ಹುರಿದ ಕಡಲೆಬೀಜ ಸುರಿದರು, ಏಲಕ್ಕಿ ಪುಡಿ ಹಾಕಿದರು, ತಟ್ಟೆಗೆ ತಟ್ಟಿದರು. ಮೊಮ್ಮಗಳ ಜಾಣತನವನ್ನು ಹೊಗಳುತ್ತ ತಂದು ಕೊಟ್ಟರು.

ಕೂದಲನ್ನೇ ಬುಡದಿಂದ ಕೀಳುವ ಪಾಕ ಅದು. ಹಲ್ಲನ್ನು ಬಿಡುತ್ತದೆಯೇ? ಹುಡುಗನ ತಾಯಿ ಒಂದು ತುಂಡು ಬಾಯಿಗೆ ಹಾಕಿಕೊಂಡರು, ಅಷ್ಟೇ. ಮೇಲಿನ ದವಡೆ, ಕೆಳಗಿನ ದವಡೆ ಒಂದಾದವು.

ಭಾವ ಧೈರ್ಯ ಮಾಡಿ ಕೇಳಿದರು: "ಅದೇ, ಮಂಡಪದ ವಿಷಯ… ನಮ್ಮೂರಲ್ಲೇ ಇಟ್ಟುಕೊಂಡ್ರೆ ಆಗುತ್ತಾ?"

"ಮ್ಮ್! ಮ್ಮ್ಮ್!" ಎಂದರು ಅವರು, ಎರಡೂ ಕೈ ಆಡಿಸುತ್ತ.

"ಒಪ್ಪಿದ್ರು!" ಎಂದು ಭಾವ ಒಳಗೆ ಓಡಿ ವೀಳ್ಯದೆಲೆಯ ತಟ್ಟೆಯನ್ನೇ ತಂದುಬಿಟ್ಟರು.

ಪರದೆಯ ಈಚೆ

ಮದುವೆಗೆ ಮೂರು ನಾಲ್ಕು ದಿನ ಮೊದಲೇ ವ್ಯಾಕ್ಸಿಂಗ್ ಮುಗಿಸಬೇಕು ಎಂಬುದು ನಮ್ಮಲ್ಲಿ ಕಟ್ಟುನಿಟ್ಟು. ಹಿಂದಿನ ದಿನ ಮಾಡಿಸಿಕೊಂಡರೆ ಮುಹೂರ್ತಕ್ಕೆ ಕೆಂಪು ಗುಳ್ಳೆಗಳೂ ಬಂದು ಆಶೀರ್ವಾದ ಮಾಡುತ್ತವೆ. ಹಾಗಾಗಿ ಹುಡುಗಿ ಆ ದಿನ ಪರದೆಯ ಒಳಗಿದ್ದಳು. ನನ್ನ ಹೆಂಡತಿ ಪಟ್ಟಿ ಅಂಟಿಸಿ ಚರ್ರೆಂದು ಎಳೆಯುತ್ತಿದ್ದರೆ ಅವಳು ಗೆಳತಿಯ ಜೊತೆ ಫೋನಿನಲ್ಲಿ ಬ್ಲೌಸಿನ ವಿಷಯ ಮಾತಾಡುತ್ತಿದ್ದಳು.

ಆಗ ಒಳಗೆ ಬಂದವನು ಯಾರು? ಕಪ್ಪು ಕನ್ನಡಕ ಹಾಕಿ, ಕರ್ಚೀಫು ಮುಖಕ್ಕೆ ಕಟ್ಟಿಕೊಂಡ ಮದುಮಗ!

"ಮಾಮಾ," ಎಂದು ಪಿಸುಗುಟ್ಟಿದ, "ಎರಡು ಹುಬ್ಬಿನ ನಡುವೆ ಇದೆಯಲ್ಲ, ಅದನ್ನ ಲೇಸರಲ್ಲಿ ತೆಗೆಸಬೇಕು. ಇವತ್ತೇ. ನಾನು ಬಂದದ್ದು ಅವಳಿಗೆ ಗೊತ್ತಾಗಬಾರದು."

"ಲೇಸರ್ ನಾನು ಮಾಡೋದಿಲ್ಲ. ಚರ್ಮದ ಡಾಕ್ಟರನ್ನ ಕೇಳಬೇಕು. ಒಂದೇ ಸಲಕ್ಕೆ ಮುಗಿಯೋದೂ ಇಲ್ಲ, ತಿಂಗಳುಗಟ್ಟಲೆ ಹೋಗಬೇಕು, ಬಿಸಿಲಿಗೆ ಮುಖ ಕೊಡಬಾರದು. ನೀನು ತೋಟದಲ್ಲಿ ನಿಲ್ಲುವವನು. ಸುಮ್ಮನೆ ಕೂತ್ಕೋ, ದಾರದಲ್ಲಿ ತೆಗೀತೀನಿ. ಚರ್ಮ ಬಿಗಿಯಾಗಿ ಹಿಡ್ಕೋ."

ಕೂತ. ಮೂಟೆಗಟ್ಟಲೆ ಗೊಬ್ಬರ ಹೊರುವ ಗಟ್ಟಿ ಆಳು. ದಾರ ತಿರುಗಿಸಿ ಎರಡೇ ಎರಡು ಕೂದಲು ಎಳೆದೆ ನೋಡಿ! "ಅಮ್ಮಾಆಆ!" ಎಂದು ಕೂಗಿದ ಕೂಗಿಗೆ ಎದುರಿನ ಬೇಕರಿಯವರು ಬಾಗಿಲಿಗೆ ಬಂದರು.

ಪರದೆಯ ಒಳಗೆ ಚರ್ರೆನ್ನುವ ಸದ್ದು ನಿಂತಿತು. ನಮ್ಮ ಹುಡುಗಿಯ ದನಿ ಕೇಳಿಸಿತು: "ಅತ್ತೆ, ನನ್ನದು ಆಮೇಲೆ ಆಗಲಿ. ಹೊರಗೆ ಯಾರಿಗೋ ಹೆರಿಗೆ ನೋವು ಬಂದಹಾಗಿದೆ."

ಒಂದು ಹುಡುಗಿ, ಎರಡು ಬಣ್ಣ

ಮದುವೆಯ ಹಿಂದಿನ ಸಂಜೆ ಅರಿಶಿನ ಹಚ್ಚುವ ಶಾಸ್ತ್ರ. ಹಚ್ಚಲಿ, ನನ್ನದೇನೂ ತಕರಾರಿಲ್ಲ. ಆದರೆ ನಾನು ಬಣ್ಣ ಹೊಂದಿಸಿರುವುದು ಅವಳ ಚರ್ಮಕ್ಕೆ, ಅರಿಶಿನಕ್ಕಲ್ಲ. ನೆರೆದ ಹೆಂಗಸರ ಮುಂದೆ ನಿಂತು ಸ್ಪಷ್ಟವಾಗಿ ಹೇಳಿದೆ: "ಮುಖಕ್ಕೆ ಬೊಟ್ಟಿನಷ್ಟು ಕೂಡ ಬೇಡ. ಮುಟ್ಟಬಾರದು."

"ಸರಿ ಸಾಮಿ, ನೀವು ಹೇಳಿದ ಮೇಲೆ ಮುಗೀತು," ಎಂದರು ಎಲ್ಲರೂ.

ಬೆಳಗ್ಗೆ ಬಂದು ನೋಡುತ್ತೇನೆ, ಮಾತು ತಪ್ಪಿರಲಿಲ್ಲ! ಮುಖವನ್ನು ಯಾರೂ ಮುಟ್ಟಿರಲಿಲ್ಲ. ಮುಖಕ್ಕೆ ಸಿಗಬೇಕಾಗಿದ್ದ ಅರಿಶಿನವನ್ನೂ ಸೇರಿಸಿ ಕುತ್ತಿಗೆಗೆ ಹಚ್ಚಿ ತಿಕ್ಕಿದ್ದರು. ದವಡೆಯ ಮೇಲೆ ನಮ್ಮ ಹುಡುಗಿ, ದವಡೆಯ ಕೆಳಗೆ ಮಾವಿನಹಣ್ಣು. ತಿರುಪ್ಪೂರಿನಲ್ಲಾಗಿದ್ದರೆ ಇಡೀ ಮಾಲು ವಾಪಸ್ ಕಳಿಸುತ್ತಿದ್ದೆ. ಮದುಮಗಳನ್ನು ಎಲ್ಲಿಗೆ ಕಳಿಸಲಿ?

ನಾನೂ ಹೆಂಡತಿಯೂ ಹಾಲಿನಲ್ಲಿ ಅದ್ದಿದ ಹತ್ತಿಯಿಂದ ಮೆತ್ತಗೆ, ಉಜ್ಜದೆ, ಒರೆಸುತ್ತಾ ಹೋದೆವು. ವ್ಯಾಕ್ಸ್ ಮಾಡಿದ ಚರ್ಮ, ತಿಕ್ಕಿದರೆ ಉರಿಯುತ್ತದೆ. ಹೊರಗೆ ನಾದಸ್ವರದವರು ಶ್ರುತಿ ನೋಡುತ್ತಿದ್ದಾರೆ, ನನಗೆ ಬೆವರು ಇಳಿಯುತ್ತಿದೆ, ಹುಡುಗಿ ಕಣ್ಣು ಮುಚ್ಚಿ "ಮಾಮಾ, ಆಗುತ್ತಲ್ಲ? ಆಗುತ್ತಲ್ಲ?" ಎನ್ನುತ್ತಿದ್ದಾಳೆ.

ಅವ್ವ ಬಾಗಿಲಲ್ಲಿ ನಿಂತು ನೋಡಿ ನೋಡಿ, ತಡೆಯಲಾರದೆ ಅಂದರು: "ಇಷ್ಟು ಕಷ್ಟ ಯಾಕಪ್ಪ? ಮುಖಕ್ಕೂ ಹಚ್ಚಿಬಿಟ್ರೆ ಎರಡೂ ಒಂದೇ ಆಗುತ್ತಲ್ಲ."

ಮಂಡಪದಲ್ಲಿ

ಕೊನೆಗೂ ಆಯಿತು. ಮುಖ, ಕುತ್ತಿಗೆ, ಕೈ ಎಲ್ಲವೂ ಒಂದೇ ಹುಡುಗಿಯವು. ಕನ್ನಡಿ ನೋಡಿಕೊಂಡು ಅವಳು ನಕ್ಕಳಲ್ಲ, ಆ ನಗುವಿಗೆ ನಾನೇನೂ ಹಚ್ಚಬೇಕಾಗಿರಲಿಲ್ಲ.

ಅಕ್ಕ ಮಾತ್ರ ಗಾಬರಿಯಲ್ಲಿದ್ದಳು. "ತಂಬಿ, ಬಂದವರೆಲ್ಲ ಹುಡುಗಿಗೆ ಇನ್ನೂ ಅಲಂಕಾರ ಆಗಲಿಲ್ವಾ ಅಂತ ಕೇಳ್ತಿದಾರೆ. ಅವ್ವ ಬಾಯೇ ಬಿಡ್ತಿಲ್ಲ." ಊರಿನ ಪಾರ್ಲರಮ್ಮ ಬಿಳಿ ಪೌಡರಿನ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ವೇದಿಕೆಯ ಪಕ್ಕದಲ್ಲೇ ಸಿದ್ಧವಾಗಿ ಕೂತಿದ್ದರು. ಅವ್ವ ಮುಂದಿನ ಸಾಲಿನಲ್ಲಿ, ಮುಖ ಗಂಟಿಕ್ಕಿಕೊಂಡು.

ತಾಯಿಮಾಮ, ಅಂದರೆ ಸೋದರಮಾವನಾದ್ದರಿಂದ ನಾನು ಹುಡುಗಿಯ ಪಕ್ಕದಲ್ಲೇ ವೇದಿಕೆಯ ಮೇಲೆ ನಿಂತಿದ್ದೆ. ಮದುಮಗನನ್ನು ಕರೆತಂದರು. ಹುಡುಗಿ ತಲೆ ಎತ್ತಿ ನೋಡಿದಳು, ನನ್ನ ತೋಳು ಹಿಡಿದಳು.

"ಮಾಮಾ, ಇದು ಯಾರು?"

ನಾನೂ ನೋಡಿದೆ. ಸುಣ್ಣ ಹೊಡೆದ ಗೋಡೆಯ ಮೇಲೆ ಮೀಸೆ ಬರೆದ ಹಾಗಿದೆ! ಕೆನ್ನೆ ಗುಲಾಬಿ, ತುಟಿ ಕೆಂಪು. ಹುಡುಗಿಗೆ ಹಚ್ಚಿದ್ದೇ ಕಾಣದಂಥ ಮೇಕಪ್ಪಂತೆ ಎಂದು ಕೇಳಿ ಅವನ ತಾಯಿಗೆ ಚಿಂತೆಯಾಯಿತಂತೆ. ಫೋಟೋದಲ್ಲಿ ಒಬ್ಬರಾದರೂ ಎದ್ದು ಕಾಣಲಿ ಎಂದು ಮಗನನ್ನು ಯಾರ ಕೈಗೋ ಒಪ್ಪಿಸಿದ್ದರು. ಪಾಪ, ಅವನು ಅಳು ನುಂಗಿಕೊಂಡು ನಿಂತಿದ್ದ. ಅತ್ತರೆ ಗೆರೆ ಬೀಳುತ್ತದೆ ಎಂದು ಹೆದರಿಸಿದ್ದರಂತೆ.

"ಮಾಮಾ, ಇವರ ಮುಖಾನೂ ವಾಪಸ್ ಕೊಡಿಸಿ," ಎಂದಳು ಹುಡುಗಿ.

ಪುರೋಹಿತರು ಅವಸರ ಮಾಡುತ್ತಿದ್ದರು. ಹೆಂಡತಿ ಕೆಳಗಿನಿಂದ ನನ್ನ ಚೀಲ ಎಸೆದಳು. ದಪ್ಪ ಮೇಕಪ್ಪು ನೀರಿಗೆ ಬಗ್ಗುವುದಿಲ್ಲ, ಎಣ್ಣೆಯೇ ಬೇಕು. ಹತ್ತಿಗೆ ಎಣ್ಣೆ ಹಾಕಿ, ಎಲ್ಲರ ಎದುರಿಗೇ, ಮದುಮಗನ ಹಣೆಯಿಂದ ಶುರು ಮಾಡಿದೆ. ಒಂದು ಹತ್ತಿ, ಇನ್ನೊಂದು, ಮತ್ತೊಂದು! ಹಣೆ ಬಂತು, ಮೂಗು ಬಂತು, ಕೆನ್ನೆಯ ಮೇಲಿನ ಮಚ್ಚೆ ಬಂತು. ತೊಂಡಾಮುತ್ತೂರಿನ ಬಿಸಿಲು ಕುಡಿದ ಅವನ ಸ್ವಂತ ಬಣ್ಣ ಹೊಳೆಯುತ್ತ ಹೊರಗೆ ಬಂತು. ಹುಡುಗಿ "ಅಯ್ಯಪ್ಪಾ, ಇವರೇ!" ಎಂದು ಉಸಿರುಬಿಟ್ಟಳು.

ಮುಂದಿನ ಸಾಲಿನಲ್ಲಿ ಅವ್ವ ಎದ್ದು ನಿಂತರು. ಕಣ್ಣು ಅರಳಿದ್ದವು.

"ಅಡೇಂಗಪ್ಪಾ! ಮೇಕಪ್ಪು ಅಂದ್ರೆ ಇದು! ಈಗಷ್ಟೇ ಜೀವವಿಲ್ಲದ ಬೊಂಬೆ ಥರ ಇದ್ದ ಹುಡುಗ, ನನ್ನ ಮಗ ಅದೇನು ಹಚ್ಚಿದನೋ, ರಾಜನ ಥರ ಆಗಿಬಿಟ್ಟ! ಲೋ, ಅದನ್ನೇ ನಮ್ಮ ಅಮ್ಮಿಣಿಗೂ ಹಚ್ಚೋ!"

ಸುಳ್ಳು ನನಗೆ ಆಗಿಬರುವುದಿಲ್ಲ. "ಅವ್ವಾ, ಇದು ಹಚ್ಚೋದಲ್ಲ, ತೆಗೆಯೋದು!" ಎಂದು ಕೂಗಿದೆ. ಅಷ್ಟರಲ್ಲಿ ಡೋಲು ನಾದಸ್ವರ ಒಟ್ಟಿಗೆ ಮೊಳಗಿ ನನ್ನ ಮಾತು ನನಗೇ ಕೇಳಿಸಲಿಲ್ಲ. ಹುಡುಗಿ ನನ್ನ ಕೈಯಿಂದ ಒಂದು ಒಣ ಹತ್ತಿ ಕಿತ್ತುಕೊಂಡು, ಅಜ್ಜಿಗೆ ಕಾಣುವ ಹಾಗೆ, ತನ್ನ ಎರಡು ಕೆನ್ನೆಗೂ ಗಾಳಿಯಲ್ಲೇ ಸವರಿದಳು.

ಅವ್ವ ಚಪ್ಪಾಳೆ ತಟ್ಟಿದರು. "ಹಾಂ! ಈಗ ನೋಡು, ಏನು ಕಳೆ! ಏನು ಕಳೆ!" ಎಂದರು. ಅಕ್ಕ ಪಾರ್ಲರಮ್ಮನಿಗೆ, ನೀವು ಊಟಕ್ಕೆ ಹೋಗಿ ಎಂದು ಸನ್ನೆ ಮಾಡಿದಳು. ಹುಡುಗ ತಾಳಿ ಕಟ್ಟಿದ.

ಅಕ್ಷತೆ ಹಾಕಲು ವೇದಿಕೆಗೆ ಬಂದ ಅವ್ವ ಮೊದಲು ನನ್ನ ಕಿವಿ ಹಿಂಡಿದರು. "ಇದನ್ನ ಬೆಳಗ್ಗೇನೇ ಹಚ್ಚಿದ್ರೆ ನಿನ್ನ ಗಂಟೇನು ಹೋಗ್ತಿತ್ತೋ?"