ಅಂಗಳದಲ್ಲಿ ಗ್ರಾಫ್ ಬಿಟ್ಟ ಚಿಕ್ಕಪ್ಪ

ನಮ್ಮ ಚಿಕ್ಕಪ್ಪ ಹಾವಿಗೆ ಹೆದರಿದವನಲ್ಲ, ಅಮಲ್ದಾರರಿಗೆ ಹೆದರಿದವನಲ್ಲ. ಈ ಲೋಕದಲ್ಲಿ ಅವನು ಹೆದರುತ್ತಿದ್ದುದು ಒಂದಕ್ಕೇ: ಭಿನ್ನರಾಶಿಯ ಛೇದದಲ್ಲಿ ಬಂದು ಕೂರುವ ಸೊನ್ನೆಗೆ! ಬೆಂಗಳೂರಲ್ಲಿ ಒಂದು ವರ್ಷ ಇಂಟರ್‌ಮೀಡಿಯೇಟ್ ಓದಿ, ಜಡಿಗೇನಹಳ್ಳಿಗೆ ವಾಪಸು ಬಂದು ನೇಗಿಲು ಹಿಡಿದಿದ್ದ. ಬೀಜಗಣಿತ ಮಾತ್ರ ಅವನನ್ನು ಬಿಟ್ಟಿರಲಿಲ್ಲ. ರಾಗಿ ಹೊಲದಲ್ಲಿ ಎತ್ತು ತಿರುಗಿಸುವಾಗಲೂ "ಇಲ್ಲಿ ಗ್ರಾಫು ಬಾಗ್ತದೆ" ಅನ್ನುತ್ತಿದ್ದ. ಎತ್ತುಗಳಿಗೆ ಅರ್ಥವಾಗಿತ್ತೋ ಏನೋ, ನನಗಂತೂ ಆಗಿರಲಿಲ್ಲ.

ನಾನಾಗ ಹೊಸಕೋಟೆಯಲ್ಲಿ ಎಸ್ಸೆಸ್ಸೆಲ್ಸಿ ಓದುತ್ತಿದ್ದೆ. "ಫೇಲಾದ್ರೆ ಓದು ಸಾಕು, ಗಂಡು ನೋಡ್ತೀನಿ" ಎಂದು ಅಪ್ಪ ಹೇಳಿಬಿಟ್ಟಿದ್ದ. ನನಗೋ ಕಾಲೇಜಿಗೆ ಹೋಗುವ ಹುಚ್ಚು!

ಯುದ್ಧದ ಕಾಲ, ಕಾಗದಕ್ಕೆ ಬರ. ಚಿಕ್ಕಪ್ಪ ಸುಮ್ಮನಿರುತ್ತಾನೆಯೇ? ಸಗಣಿ ಸಾರಿಸಿದ ಅಂಗಳವನ್ನೇ ಗ್ರಾಫ್ ಹಾಳೆ ಮಾಡಿಕೊಂಡು, ಅಜ್ಜಿಯ ರಂಗೋಲಿ ಪುಡಿಯಲ್ಲಿ ಎಕ್ಸ್ ಗೆರೆ, ವೈ ಗೆರೆ ಎಳೆದ. "ಗಂಡಸು ರಂಗೋಲಿ ಬಿಡ್ತಾವ್ನಲ್ಲಪ್ಪಾ!" ಎಂದು ಬೀದಿಯೇ ನಿಂತು ನೋಡಿತು.

ಲೆಕ್ಕ ಇಷ್ಟೇ: ಒಂದನ್ನು ಎಕ್ಸ್ ಮೈನಸ್ ಎರಡರಿಂದ ಭಾಗಿಸಿ ಗ್ರಾಫ್ ಬಿಡಿಸಬೇಕು. "ಎಕ್ಸ್ ಎರಡಾದ್ರೆ ಛೇದ ಸೊನ್ನೆ ಕಣಮ್ಮಾ. ಎಡಗಡೆ ಗೆರೆ ಕೆಳಕ್ಕೆ ಹೋಗ್ತದೆ, ಬಲಗಡೆದು ಮೇಲಕ್ಕೆ. ಮಧ್ಯದ ಜಾಗ ಎರಡೂ ಮುಟ್ಟಲ್ಲ." ಆ ಮುಟ್ಟಬಾರದ ಜಾಗ ತೋರಿಸಲು ಹುರುಳಿಕಾಳು ಸಾಲಾಗಿ ಇಟ್ಟ. ನಮ್ಮ ಹುಂಜ ಬಂದು ಆ ಸಾಲನ್ನೇ ತಿಂದು ಮುಗಿಸಿತು!

ಹುಂಜವೇ ವಾಸಿ. ಅಜ್ಜಿ ಬಂದವಳೇ ಪುಡಿ ಹಿಡಿದು ಎರಡು ಗೆರೆಗಳ ತುದಿಗಳನ್ನೂ ಅಂದವಾಗಿ ಸೇರಿಸಿಬಿಟ್ಟಳು.

"ಅವ್ವಾ, ಏನ್ ಮಾಡ್ಬಿಟ್ಟೆ! ಅವು ಸೇರಬಾರ್ದು!"

"ಬಾಗ್ಲು ಮುಂದೆ ಬಾಯಿ ಬಿಟ್ಕೊಂಡಿರೋ ಗೆರೆ ಬಿಡ್ತಾರೇನ್ಲಾ? ಮನೆಗೆ ಒಳ್ಳೇದಲ್ಲ."

ದಿನಾ ಇದೇ ಕಥೆ. ಮಗ ಬಿಡಿಸುವುದು, ತಾಯಿ ಸೇರಿಸುವುದು. ನೋಡಿ ನೋಡಿ ನನ್ನ ಕೈಗೂ ಅದೇ ಅಭ್ಯಾಸ ಅಂಟಿ, ಶಾಲೆಯ ಪೂರ್ವಪರೀಕ್ಷೆಯಲ್ಲಿ ಅಜ್ಜಿಯ ಹಾಗೆಯೇ ಸೇರಿಸಿ ಫೇಲಾದೆ! ಅಪ್ಪ ಗಂಡಿನ ಜಾತಕ ತರಿಸಿದ.

ಚಿಕ್ಕಪ್ಪ ನನ್ನನ್ನು ಅಜ್ಜಿಯ ಕೈಗೆ ಸಿಗದ ಹಾಗೆ ರಾಗಿ ಕಣಕ್ಕೆ ಕರೆದೊಯ್ದ. ನನ್ನ ಕೈಯಲ್ಲೇ ಕೋಲಿನಿಂದ ನೆಲದ ಮೇಲೆ ನಲವತ್ತು ಸಲ ಗ್ರಾಫ್ ಬಿಡಿಸಿದ. ಎರಡರ ಹತ್ತಿರ ಬಂದಾಗೆಲ್ಲ "ಕೈ ಎತ್ತು!" ಎಂದು ಅರಚುತ್ತಿದ್ದ. ದೊಡ್ಡ ಪರೀಕ್ಷೆಯಲ್ಲಿ ಅಂಥದೇ ಲೆಕ್ಕ ಬಂತು. ಕೈ ಎತ್ತಿದೆ. ಪಾಸಾದೆ!

ಅಪ್ಪನಿಗೆ ಖುಷಿಯೇ. ಆದರೂ, "ಪಾಸಾದ್ಲಲ್ಲ, ಇನ್ ಸಾಕು. ಭಾನುವಾರ ಗಂಡಿನ ಕಡೆಯವ್ರು ಬರ್ತಾರೆ" ಎಂದ.

ಅಣ್ಣನೆದುರು ಎಂದೂ ದನಿ ಎತ್ತದ ಚಿಕ್ಕಪ್ಪ ಎದ್ದು ನಿಂತ.

"ಅಣ್ಣಾ, ನಮ್ಮಪ್ಪ ತೀರ್ಕೊಂಡಾಗ ಬೇಸಾಯ ನಿನ್ನೊಬ್ಬನ ಕೈಲಿ ಆಗ್ತಿರ್ಲಿಲ್ಲ. ಅದಕ್ಕೇ ಓದು ಬಿಟ್ಟು ಬಂದೆ. ನೀನು ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ಈಗ್ಲೂ ನೇಗಿಲು ಹಿಡ್ಕೊಂಡು ಬಿಟ್ಟ ಓದ್ನೇ ನೆನೀತಿರ್ತೀನಿ ಕಣಣ್ಣಾ. ಈ ಮಗೂಗೆ ಅದು ಬೇಡ."

ಅಷ್ಟು ದಿನ ಅವನನ್ನು ನೋಡಿ ನಕ್ಕಿದ್ದಕ್ಕೆ ನನಗೆ ನಾಚಿಕೆಯಾಯಿತು, ಅಳು ಬಂತು. ಅಪ್ಪ ಗಂಡಿನ ಜಾತಕವನ್ನು ಮಡಿಸಿ ಪಕ್ಕಕ್ಕಿಟ್ಟ. ಆಮೇಲೆ ಮೆತ್ತಗೆ ಹೇಳಿದ:

"ಕಾಲೇಜಿನ ಮೆಟ್ಲು ಹತ್ತಿರೋನು ಈ ಮನೇಲಿ ನೀನೊಬ್ನೇ ಕಣೋ. ನೀನೇ ಕರ್ಕೊಂಡೋಗಿ ಸೇರಿಸ್ಬಾ."